ಆ ಒಣಗಿದ ಎಲೆ ಕೀಳಬೇಡಿ

ಹೋದ ವರ್ಷ ಮಳೆಗಾಲದಲ್ಲಿ ತೀರ್ಥಹಳ್ಳಿ ಹತ್ತಿರದ ಅಜ್ಜಿ ಮನೆಯಲ್ಲಿ ಹಲಸಿನ ಮರದ ಕೊಂಬೆಯೊಂದು ಮುರಿದು ಬಿತ್ತು. ಅದರ ಮೇಲೆ ಬೆಳೆದಿದ್ದ ಡ್ರೈನೇರಿಯಾ ಅನ್ನುವ ಜರೀಗಿಡವನ್ನು (ಫರ್ನ್) ಕೊಂಬೆ ಸಮೇತ ಗೋಣಿಚೀಲದಲ್ಲಿ ಸುತ್ತಿ ಬೆಂಗಳೂರಿಗೆ ತಂದೆ. ಈಗ ರಾಜಾಜಿನಗರದ ನಮ್ಮ ಬಾಲ್ಕನಿಯಲ್ಲಿ ತೂಗುತ್ತಿದೆ.

ಪಕ್ಕದ ಮನೆ ಆಂಟಿ ನೋಡಿದ ಕೂಡಲೇ, "ಒಣಗಿರೋ ಎಲೆ ಎಲ್ಲ ಕಿತ್ತು ಹಾಕಮ್ಮ, ಇಲ್ಲಾಂದ್ರೆ ಗಿಡ ಏಳಲ್ಲ" ಅಂದರು. ಬೇಡ ಆಂಟಿ ಅಂದೆ. ಈ ಗಿಡದ ಗುರುತೇ ಆ ಕಂದು ಎಲೆ.

ಇದಕ್ಕೆ ಎರಡು ಥರದ ಎಲೆ. ಬುಡದಲ್ಲಿ ತೊಟ್ಟಿಲ್ಲದ, ಗೇಣುದ್ದದ ಅಗಲ ಎಲೆ. ಎಳೆಯದಿದ್ದಾಗ ಹಸಿರು, ಆಮೇಲೆ ಕಂದಾಗಿ ಹಪ್ಪಳದ ಹಾಗೆ ಗರಿಗರಿ. ಆದರೂ ಉದುರುವುದಿಲ್ಲ. ಮರಕ್ಕೆ ಒತ್ತಿಕೊಂಡು ಬುಟ್ಟಿಯಂತೆ ನಿಲ್ಲುತ್ತದೆ, ಮೇಲಿಂದ ಬೀಳುವ ತರಗೆಲೆ, ಧೂಳು, ಮಳೆನೀರು ಎಲ್ಲ ಅದರೊಳಗೆ ಸೇರಿ ಕೊಳೆತು ಗೊಬ್ಬರವಾಗುತ್ತದೆ. ಒಂದನ್ನು ಮೆಲ್ಲಗೆ ಸರಿಸಿ ಆಂಟಿಗೆ ತೋರಿಸಿದೆ. ಒಳಗೆ ಕಾಫಿಪುಡಿಯಂಥ ಕಪ್ಪು ಮಣ್ಣು, ಅರ್ಧ ಕರಗಿದ ಹಲಸಿನೆಲೆ, ನಡುವೆ ದಾರದಂಥ ಬೇರು. ಮರದ ಮೇಲೆ, ಬಂಡೆ ಮೇಲೆ ಬದುಕುವ ಗಿಡ ತನ್ನ ಕುಂಡ ತಾನೇ ಮಾಡಿಕೊಂಡಿದೆ, ಅದನ್ನು ಕಿತ್ತರೆ ಅನ್ನದ ತಟ್ಟೆ ಕಿತ್ತುಕೊಂಡ ಹಾಗೆ ಅಲ್ವಾ?

ಇನ್ನೊಂದು ಥರದ ಎಲೆ ಹಸಿರು. ತೊಟ್ಟು ಇರುತ್ತದೆ, ಮೊಳಕ್ಕಿಂತ ಜಾಸ್ತಿ ಉದ್ದ, ಹೆಚ್ಚುಕಡಿಮೆ ನಡುದಿಂಡಿನ ತನಕ ಸೀಳು. ಬೆನ್ನು ತಿರುಗಿಸಿದರೆ ಪಕ್ಕದ ನರಗಳ ನಡುವೆ ಎರಡೆರಡು ಸಾಲು ಸಣ್ಣ ಚುಕ್ಕಿ, ಅವು ಬೀಜಕಣದ, ಅಂದರೆ ಹೊಸ ಗಿಡ ಹುಟ್ಟಿಸುವ ಪುಡಿಯಂಥ ಕಣಗಳ, ಗುಂಪುಗಳು. ಬುಡದ ದಪ್ಪ ಗೆಡ್ಡೆಯನ್ನು ಮುಟ್ಟಿ ನೋಡಿ, ಅಳಿಲಿನ ಬಾಲ ಸವರಿದಂತಿರುತ್ತದೆ.

ಪೂರ್ತಿ ಹೆಸರು ಡ್ರೈನೇರಿಯಾ ಕ್ವೆರ್ಸಿಫೋಲಿಯಾ. ಈಚೆಗೆ ಕೆಲವರು ಡ್ರೈನೇರಿಯಾ ಬದಲು ಅಗ್ಲಾವೊಮಾರ್ಫಾ ಅಂತಲೂ ಬರೆಯುತ್ತಾರೆ, ಹುಡುಕುವಾಗ ಎರಡನ್ನೂ ಹಾಕಿ. ಕ್ವೆರ್ಸಿಫೋಲಿಯಾ ಅಂದರೆ ಓಕ್ ಎಲೆಯಂಥದ್ದು, 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಕೊಟ್ಟ ಹೆಸರು.

ನರ್ಸರಿಯಲ್ಲಿ ಸಿಗುವ ಬರ್ಡ್ಸ್ ನೆಸ್ಟ್ ಫರ್ನ್ ಬೇರೆ. ಅದರ ಎಲೆ ಸೀಳಿರುವುದಿಲ್ಲ, ಬೆನ್ನಲ್ಲಿ ಚುಕ್ಕಿಯ ಬದಲು ಉದ್ದ ಗೆರೆಗಳು. ಬಂದಳಿಕೆ ಅಂದುಕೊಂಡು ಡ್ರೈನೇರಿಯಾವನ್ನು ಮರದಿಂದ ಕೆರೆದು ಹಾಕುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಇದು ಮರದ ರಸ ಹೀರುವುದಿಲ್ಲ, ಸುಮ್ನೆ ಕೂತಿರುತ್ತದೆ ಅಷ್ಟೆ.

ಬೇಸಿಗೆಯಲ್ಲಿ ಹಸಿರೆಲ್ಲ ಉದುರಿ ಕಂದು ಬುಟ್ಟಿ ಮಾತ್ರ ಉಳಿಯಿತು. ಈ ಮೇ ತಿಂಗಳಲ್ಲಿ ಎರಡು ಜೋರು ಮಳೆ ಆದ ಮೇಲೆ ಗೆಡ್ಡೆಯ ತುದಿಯಲ್ಲಿ ಸುರುಳಿ ಸುತ್ತಿದ ಚಿಗುರು ಬಂತು. ಮೊದಲು ನೋಡಿ ನನ್ನನ್ನು ಕರೆದದ್ದು ಆಂಟಿಯೇ.