ಮಾಯಿಶ್ಚರ್ 12 ದಾಟಬಾರದು ಅಂತ ಸ್ಕೀಮಾ ಹೇಳಿದರೆ

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ) ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ತೋಟದಿಂದ ಗಾಡಿ ಬಂದು ಗೇಟಿನಲ್ಲಿ ನಿಂತಾಗ ಅಲ್ಲಿನ ರೈಟರ್ ಟ್ಯಾಬ್‌ನಲ್ಲಿ ವಿವರ ತುಂಬುತ್ತಾರೆ. ಯಾವ ತೋಟ, ಅರೇಬಿಕಾನಾ ರೋಬಸ್ಟಾನಾ, ಪಾರ್ಚ್‌ಮೆಂಟಾ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ್ದು) ಚೆರ್ರಿನಾ (ಹಣ್ಣನ್ನು ಹಾಗೇ ಒಣಗಿಸಿದ್ದು), ಎಷ್ಟು ಚೀಲ, ಎಷ್ಟು ಕೆಜಿ, ಮಾಯಿಶ್ಚರ್ ಅಂದರೆ ತೇವಾಂಶ ಶೇಕಡಾ ಎಷ್ಟು. ಅದು ಜೇಸನ್ (JSON) ಆಗಿ, ಅಂದರೆ ಪ್ರತಿ ಫೀಲ್ಡ್‌ನ ಹೆಸರು ಮತ್ತು ಅದರ ವಿವರ ಜೋಡಿಸಿ ಬರೆದ ಪಠ್ಯವಾಗಿ, ಸರ್ವರ್‌ಗೆ ಬರುತ್ತದೆ. ಪೈಥಾನ್‌ನಲ್ಲಿರುವ ನಮ್ಮ ಪ್ರೋಗ್ರಾಂ ಅದನ್ನು ಜೇಸನ್ ಸ್ಕೀಮಾ ಜೊತೆ, ಅಂದರೆ ಯಾವ ಫೀಲ್ಡ್‌ನಲ್ಲಿ ಏನು ಇರಬಹುದು ಎಂಬ ನಿಯಮಪಟ್ಟಿಯ ಜೊತೆ, ತಾಳೆ ನೋಡಿ, ಸರಿ ಇದ್ದರೆ ಮಾತ್ರ ಒಳಗೆ ಬಿಡುತ್ತದೆ.

ಹಳೆಯ ಸ್ಕೀಮಾದಲ್ಲಿ ಮಾಯಿಶ್ಚರ್‌ಗೆ ಮ್ಯಾಕ್ಸಿಮಮ್ 12 ಎಂದಿತ್ತು. ಕೇಳಲು ಸರಿಯಾಗಿಯೇ ಇದೆ. ಚೆನ್ನಾಗಿ ಒಣಗಿದ ಪಾರ್ಚ್‌ಮೆಂಟ್ 10ರ ಹತ್ತಿರ ಇರಬೇಕು, ರೋಬಸ್ಟಾ ಚೆರ್ರಿ 11ರ ಹತ್ತಿರ. ಆದರೆ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಕಣದಲ್ಲಿ ಹರಡಿದ ಕಾಫಿ ಎಲ್ಲಿ ಒಣಗುತ್ತದೆ? ಟಾರ್ಪಾಲು ಮುಚ್ಚೋದು, ತೆಗೆಯೋದು, ಅದೇ ಆಗುತ್ತದೆ. 13, 14 ಇರುವ ಲೋಡ್ ಬಂದೇ ಬರುತ್ತದೆ. ಟ್ಯಾಬ್ ಅದನ್ನು ತೆಗೆದುಕೊಳ್ಳುತ್ತಿರಲಿಲ್ಲ.

ರಿಪೋರ್ಟ್ ನೋಡುವಾಗ ಇದು ಕಣ್ಣಿಗೆ ಬಿತ್ತು. ಸರಿಯಾಗಿ 12.0 ಎಂದು ಬರೆದ ಲೋಡ್‌ಗಳು ರಾಶಿ ಬಿದ್ದಿದ್ದವು. 11.9, 11.8 ಎಲ್ಲೋ ಒಂದೊಂದು. ಕಾಫಿ ಹಾಗೆ ಲೆಕ್ಕ ಹಾಕಿಕೊಂಡು ಒಣಗುವುದಿಲ್ಲ ಅಲ್ವಾ? ಗೇಟಿಗೆ ಹೋಗಿ ರೈಟರ್ ಹತ್ತಿರ ಕೇಳಿದೆ. "ಹದಿಮೂರುವರೆ ಹಾಕಿದ್ರೆ ಕೆಂಪು ಬರುತ್ತೆ ಮೇಡಂ, ಮುಂದಕ್ಕೆ ಹೋಗಲ್ಲ. ಹಿಂದೆ ಗಾಡಿ ಸಾಲು ನಿಂತಿರುತ್ತೆ. ಚೀಟಿ ಮೇಲೆ ಸರಿಯಾಗೇ ಬರ್ದಿದೀನಿ ನೋಡಿ" ಎಂದರು. ಚೀಟಿಯಲ್ಲಿ 13.6 ಇತ್ತು. ಟ್ಯಾಬ್‌ನಲ್ಲಿ 12.

ಇದು ಸುಮ್ನೆ ದಾಖಲೆಗೆ ಬರೆಯುವ ಅಂಕಿ ಅಲ್ಲ. ಹಸಿ ಲೋಡನ್ನು ಬೇರೆ ಇಟ್ಟು ಮತ್ತೆ ಒಣಗಿಸಬೇಕು, ಆಗ ತೂಕ ಇಳಿಯುತ್ತದೆ. 13.6 ಇರುವ 1000 ಕೆಜಿ ಚೆರ್ರಿಯನ್ನು 11ಕ್ಕೆ ಇಳಿಸಿದರೆ ಸುಮಾರು 29 ಕೆಜಿ ನೀರು ಹೋಗುತ್ತದೆ. ದಾಖಲೆಯಲ್ಲಿ 12 ಇದ್ದರೆ ಲೆಕ್ಕದ ಪ್ರಕಾರ ಹೋಗಬೇಕಾದದ್ದು ಸುಮಾರು 11 ಕೆಜಿ ಮಾತ್ರ. ಉಳಿದ 18 ಕೆಜಿ ಎಲ್ಲಿ ಹೋಯಿತು ಎಂದು ಬೆಳೆಗಾರರು ಬಂದು ಕೇಳಿದರೆ ನಮ್ಮ ಹತ್ತಿರ ಉತ್ತರ ಇಲ್ಲ. ಅವರ ವರ್ಷದ ದುಡಿಮೆ ಅದು. ಕೇಳುವ ಹಕ್ಕು ಅವರಿಗಿದೆ.

13.6 ಬೇಡದ ಸುದ್ದಿ ಇರಬಹುದು, ಆದರೆ ತಪ್ಪು ಡೇಟಾ ಅಲ್ಲ. 136 ತಪ್ಪು ಡೇಟಾ, ಪಾಯಿಂಟ್ ಬಿಟ್ಟುಹೋಗಿದೆ. ಸ್ಕೀಮಾ ತಡೆಯಬೇಕಾದದ್ದು ಎರಡನೆಯದನ್ನು. ಕಾಫಿ ಚೆನ್ನಾಗಿದೆಯಾ ಇಲ್ಲವಾ ಎಂಬ ತೀರ್ಮಾನ ಅದರ ಕೆಲಸ ಅಲ್ಲವೇ ಅಲ್ಲ. ಈಗ ಮ್ಯಾಕ್ಸಿಮಮ್ 40 ಇಟ್ಟಿದ್ದೇವೆ. ನಮ್ಮ ಮೀಟರ್ ತೋರಿಸುವುದೇ ಅಲ್ಲಿಯವರೆಗೆ. 12 ದಾಟಿದ ಲೋಡ್ ಮೊದಲು ಸೇವ್ ಆಗುತ್ತದೆ. ಆಮೇಲೆ ಬೇರೆ ಚೆಕ್ ಅದಕ್ಕೆ 'ಹಸಿ' ಎಂದು ಗುರುತು ಹಾಕಿ ಸೂಪರ್‌ವೈಸರ್‌ಗೆ ತಿಳಿಸುತ್ತದೆ.

ಮೀಟರ್ ಕೆಟ್ಟಿದ್ದರೆ? ಆ ಫೀಲ್ಡ್‌ಗೆ ನಂಬರ್ ಇಲ್ಲವೇ ನಲ್ (ಏನೂ ಇಲ್ಲ, ಖಾಲಿ) ಎಂದು ಎರಡೂ ಟೈಪ್ ಕೊಟ್ಟೆವು. ನಲ್ ಇದ್ದರೆ ಕಾರಣ ಬರೆಯಲೇಬೇಕು. 'ಅಳೆದಿಲ್ಲ' ಅನ್ನಲು ದಾರಿ ಇಲ್ಲದಿದ್ದರೆ ಜನ 10.5 ಎಂದು ಹಾಕುತ್ತಾರೆ. ಅವರನ್ನು ದೂರಿ ಪ್ರಯೋಜನ ಇಲ್ಲ.

ಸಡಿಲ ಬಿಟ್ಟದ್ದು ಅಷ್ಟೇ. ಬೇರೆ ಕಡೆ ಜಾಸ್ತಿ ಬಿಗಿ ಮಾಡಿದೆವು. ಸ್ಕೀಮಾದ ಪ್ರಾಪರ್ಟೀಸ್ ಎಂಬ ಫೀಲ್ಡ್ ಪಟ್ಟಿಯಲ್ಲಿ ಹೆಸರು ಬರೆದ ಮಾತ್ರಕ್ಕೆ ಫೀಲ್ಡ್ ಕಡ್ಡಾಯ ಆಗುವುದಿಲ್ಲ, ರಿಕ್ವೈರ್ಡ್ ಪಟ್ಟಿಯಲ್ಲೂ ಇರಬೇಕು. ಪಟ್ಟಿಯಲ್ಲಿಲ್ಲದ ಫೀಲ್ಡ್ ಬೇಡ ಎನ್ನಲು ಅಡಿಷನಲ್ ಪ್ರಾಪರ್ಟೀಸ್ ಫಾಲ್ಸ್ ಎಂದೂ ಹೇಳಬೇಕು. ಇವೆರಡೂ ಇಲ್ಲದಿದ್ದರೆ ಟ್ಯಾಬ್‌ನಿಂದ ಫೀಲ್ಡ್ ಹೆಸರೇ ಒಂದಕ್ಷರ ತಪ್ಪಿ ಬಂದರೂ ಸ್ಕೀಮಾ ತುಟಿ ಪಿಟಕ್ಕೆನ್ನುವುದಿಲ್ಲ. ಮಾಯಿಶ್ಚರ್ ಇಲ್ಲದ ದಾಖಲೆ ಆರಾಮಾಗಿ ಒಳಗೆ ಹೋಗುತ್ತದೆ. ತಾರೀಖು ಯಾವ ರೂಪದಲ್ಲಿರಬೇಕು ಎಂದು ಫಾರ್ಮ್ಯಾಟ್ ಬರೆದು ಕೂತರೂ ಸಾಲದು. ಪೈಥಾನ್‌ನ ಜೇಸನ್‌ಸ್ಕೀಮಾ ಲೈಬ್ರರಿಗೆ ಫಾರ್ಮ್ಯಾಟ್ ಚೆಕರ್ ಕೊಡದಿದ್ದರೆ ಅದು ಫಾರ್ಮ್ಯಾಟ್ ನೋಡುವುದೇ ಇಲ್ಲ. ಇನ್ನೊಂದು, ನಮ್ಮಂಥವರು ಗಮನಿಸಬೇಕಾದದ್ದು: ಅಕ್ಷರಗಳ ಮಾದರಿ ಹೇಳುವ ಪ್ಯಾಟರ್ನ್‌ನಲ್ಲಿ 'ಯಾವುದಾದರೂ ಅಂಕಿ' ಎಂಬ ಅರ್ಥದ ಬ್ಯಾಕ್‌ಸ್ಲ್ಯಾಶ್ ಡಿ (\d) ಬರೆದರೆ ಪೈಥಾನ್ ೨೩೧೪ ಎಂಬ ಕನ್ನಡ ಅಂಕಿಯನ್ನೂ ಒಪ್ಪುತ್ತದೆ. ಬಿಲ್ಲಿಂಗ್ ಕಡೆ ಅದು ಬೇಡವಾದರೆ [0-9] ಎಂದೇ ಬರೆಯಿರಿ.

ಲೈಬ್ರರಿಯ ವ್ಯಾಲಿಡೇಟ್ ಫಂಕ್ಷನ್ ಒಂದು ತಪ್ಪು ಹೇಳಿ ನಿಲ್ಲುತ್ತದೆ. ಅದರ ಬದಲು ಇಟರ್ ಎರರ್ಸ್ ಬಳಸಿ ಎಲ್ಲ ತಪ್ಪನ್ನೂ ಒಟ್ಟಿಗೆ ತೋರಿಸುತ್ತೇವೆ. ಗೇಟಿನಲ್ಲಿ ನಿಂತವರಿಗೆ ಒಂದೊಂದೇ ತಪ್ಪು ತೋರಿಸುವುದು ಹಿಂಸೆ. ಮಾತು ಕೂಡ ಕನ್ನಡದಲ್ಲೇ: "ಮಾಯಿಶ್ಚರ್ 136 ಎಂದಿದೆ. ಪಾಯಿಂಟ್ ಬಿಟ್ಟಿದ್ದೀರಾ ನೋಡಿ." ಯಾವ ಫೀಲ್ಡ್, ಯಾವ ನಿಯಮ ಎಂಬುದು ಎರರ್ ಆಬ್ಜೆಕ್ಟ್‌ನಲ್ಲೇ ಇರುತ್ತದೆ, ವಾಕ್ಯ ಕಟ್ಟುವುದು ಕಷ್ಟ ಅಲ್ಲ.

ಹಳೆಯ ದಾಖಲೆಗಳ ಕೆಲಸ ಇನ್ನೂ ನಡೆಯುತ್ತಿದೆ. ಚೀಟಿ ಸಿಕ್ಕ ಲೋಡ್‌ಗಳಿಗೆ ಚೀಟಿಯ ಅಂಕಿ ಹಾಕುತ್ತಿದ್ದೇವೆ. ಚೀಟಿ ಸಿಗದ 12.0ಗಳನ್ನು ನಲ್ ಮಾಡಿ, ಕಾರಣದ ಜಾಗದಲ್ಲಿ 'ಹಳೆ ಸ್ಕೀಮಾ' ಎಂದು ಬರೆಯುತ್ತಿದ್ದೇವೆ.