ನೀರು ಸುಮ್ನೆ ಸಮುದ್ರಕ್ಕೆ ಹೋಗುತ್ತಾ?

ಬಳ್ಳಾರಿಯ ಮೀನಿನ ಅಂಗಡಿಗಳಲ್ಲಿ ಕಾಟ್ಲಾ, ರೋಹು, ಜಿಲೇಬಿ (ತಿಲಾಪಿಯಾ) ಇವೇ ಜಾಸ್ತಿ. ಅಪರೂಪಕ್ಕೆ ಕರಾವಳಿಯಿಂದ ಬಂದ ಐಸ್ ಪೆಟ್ಟಿಗೆಯಲ್ಲಿ ಬೂದುಗಪ್ಪು ಬಣ್ಣದ, ಬೆನ್ನು ಎತ್ತರವಿರುವ ಒಂದು ಮೀನು ಸಿಗುತ್ತದೆ. ಯಾವ ಮೀನು ಅಂತ ಕೇಳಿದರೆ "ಸಮುದ್ರದ್ದು ರೀ" ಅನ್ನುತ್ತಾರೆ, ಅಷ್ಟೇ. ದೂರದಿಂದ ಜಿಲೇಬಿಯೇ ಅನಿಸುತ್ತದೆ. ಆದರೆ ಬಾಯಿ ಬಿಡಿಸಿ ನೋಡಿ. ಮುಂದೆ ನಾಲ್ಕಾರು ಮೊನಚು ಹಲ್ಲು, ಹಿಂದೆ ಗುಂಡಗಿನ ಗಟ್ಟಿ ದವಡೆ ಹಲ್ಲುಗಳು ಸಾಲುಸಾಲಾಗಿ. ಜಿಲೇಬಿಗೆ ಇಂಥ ಹಲ್ಲಿಲ್ಲ. ಇನ್ನೂ ಅನುಮಾನ ಇದ್ದರೆ ಬೆನ್ನಿನ ಮುಳ್ಳು ಎಣಿಸಿ: ಇದಕ್ಕೆ 11, ಜಿಲೇಬಿಗೆ 15 ಅಥವಾ ಇನ್ನೂ ಜಾಸ್ತಿ. ಇದರ ಹೊಟ್ಟೆಯ ಹಿಂದಿನ ರೆಕ್ಕೆಯಲ್ಲಿ ಮೂರು ಮುಳ್ಳಿವೆ, ನಡುವಿನದು ಸಿಕ್ಕಾಪಟ್ಟೆ ದಪ್ಪ.

ಇದು ಸೀ ಬ್ರೀಮ್. ವಿಜ್ಞಾನಿಗಳು ಕರೆಯುವುದು ಅಕಾಂಥೋಪಾಗ್ರಸ್ ಬರ್ಡಾ ಅಂತ. ಇದರ ವಿವರ ಮೊದಲು ಅಚ್ಚಾಗಿದ್ದು 1775ರಲ್ಲಿ. ಬರೆದ ವಿಜ್ಞಾನಿ ಫೋರ್ಸ್ಕಾಲ್ ಅಷ್ಟರಲ್ಲಿ ಯೆಮೆನ್‌ನಲ್ಲಿ ಮಲೇರಿಯಾ ಬಂದು ಸತ್ತು 12 ವರ್ಷ ಆಗಿತ್ತು, ಪಾಪ.

ಅಂಗಡಿಯವರು ಸಮುದ್ರದ್ದು ಅಂದರೂ ಇದು ಬದುಕಿನ ಬಹುಪಾಲು ಕಳೆಯುವುದು ಅಳಿವೆಯಲ್ಲಿ, ಅಂದರೆ ನದಿ ಕಡಲಿಗೆ ಸೇರುವ ಕಡೆ. ಅಲ್ಲಿ ಉಬ್ಬರ ಬಂದಾಗ ನೀರು ಉಪ್ಪು, ಇಳಿದಾಗ ಸಪ್ಪೆ, ಮಳೆಗಾಲದಲ್ಲಿ ಪೂರ್ತಿ ಕೆಂಪು ಹೊಳೆನೀರು. ಬೇರೆ ಎಷ್ಟೋ ಮೀನುಗಳಿಗೆ ಈ ಏರುಪೇರು ತಡೆಯಲು ಆಗುವುದಿಲ್ಲ, ಇದಕ್ಕೆ ಆಗುತ್ತದೆ. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ಸಂದಿಯಲ್ಲಿ ಮರಿಗಳು ಅಡಗಿಕೊಂಡು ಬೆಳೆಯುತ್ತವೆ. ಅಲ್ಲಿನ ಊಟ ಹೆಚ್ಚಾಗಿ ಚಿಪ್ಪಿನ ಒಳಗೇ: ಏಡಿ, ಬಳಚು, ಬಸವನಹುಳ. ಆ ದವಡೆ ಹಲ್ಲು ಯಾಕೆ ಅಂತ ಈಗ ಗೊತ್ತಾಯಿತಲ್ವಾ? ನಮ್ಮ ರಾಜ್ಯದಲ್ಲಿ ಇಂಥ ಜಾಗ ನೋಡಬೇಕಂದ್ರೆ ಕುಮಟಾ ಹತ್ತಿರದ ಅಘನಾಶಿನಿಗೆ ಹೋಗಿ. ಆ ನದಿಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. 2024ರಲ್ಲಿ ಅದರ ಅಳಿವೆಗೆ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು.

ನನಗೆ ತುಂಬಾ ಮಜಾ ಅನಿಸುವುದು ಇದರ ಸಂಸಾರ. ಈ ಮೀನು ಮೊದಲು ಗಂಡಾಗಿ ಬಲಿಯುತ್ತದೆ, ಆಮೇಲೆ ದೊಡ್ಡದಾದಂತೆ ಹೆಣ್ಣಾಗುತ್ತದೆ. ಗ್ರೂಪರ್ ಮೀನುಗಳಲ್ಲಿ ಎಷ್ಟೋ ಇದಕ್ಕೆ ತದ್ವಿರುದ್ಧ, ಮೊದಲು ಹೆಣ್ಣು ಆಮೇಲೆ ಗಂಡು. ಲೆಕ್ಕ ಸರಳ: ದೊಡ್ಡ ಮೈಯಲ್ಲಿ ಮೊಟ್ಟೆ ಜಾಸ್ತಿ ಹಿಡಿಸುತ್ತದೆ, ಗಂಡಿನ ಕೆಲಸಕ್ಕೆ ಸಣ್ಣ ಮೈ ಸಾಕು. ಹಾಗಾಗಿ ಬಲೆಗೆ ಬಿದ್ದ ಭಾರೀ ಮೀನು ಹೆಚ್ಚಾಗಿ ಹೆಣ್ಣೇ. ದೊಡ್ಡವನ್ನೇ ಹೆಕ್ಕಿ ಹಿಡಿಯುತ್ತಾ ಹೋದರೆ ಅಳಿವೆಯಲ್ಲಿ ಬರೀ ಗಂಡುಗಳೇ ಉಳಿದಂತೆ ಆಗುತ್ತದೆ. ಜಿಲೇಬಿ ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಕಾಪಾಡುತ್ತದೆ. ಇದು ಹಾಗಲ್ಲ. ಅಳಿವೆಯ ಬಾಯಿಗೆ ಹೋಗಿ, ಒಂದು ಮಿಲಿಮೀಟರ್‌ಗಿಂತ ಸಣ್ಣ ಮೊಟ್ಟೆಗಳನ್ನು ನೀರಿಗೆ ಬಿಟ್ಟು ಬರುತ್ತದೆ. ಅವು ತೇಲಿಕೊಂಡು ಹೋಗಿ, ಮರಿಯಾಗಿ, ಮತ್ತೆ ಅದೇ ಬಾಯಿಯಿಂದ ಒಳಗೆ ಬರಬೇಕು.

ಈ ಬಾಯಿ ಕಟ್ಟಿಕೊಂಡರೆ ಏನಾಗುತ್ತೆ ಅಂತ ಒಡಿಶಾದ ಕಡಲಂಚಿನ ಚಿಲಿಕಾ ಸರೋವರದಲ್ಲಿ ಕಂಡಿದ್ದಾರೆ. ಈ ಬ್ರೀಮ್ ಅಲ್ಲೂ ಇದೆ. ಹೂಳು ತುಂಬಿ ಕಡಲಿನ ದಾರಿ ಮುಚ್ಚುತ್ತಾ ಬಂದು ಮೀನು ತೀರಾ ಇಳಿದಿತ್ತು. 2000ದ ಸೆಪ್ಟೆಂಬರ್‌ನಲ್ಲಿ ಹೊಸ ಬಾಯಿ ತೋಡಿದರು, ಕೆಲವೇ ವರ್ಷದಲ್ಲಿ ಮೀನುಗಾರರಿಗೆ ಸಿಗುವ ಮೀನು ಹಲವು ಪಟ್ಟು ಏರಿತು. ಅಳಿವೆಯ ಬಾಯಿ ತೆರೆದಿರಬೇಕಾದರೆ ಒಳಗಿನಿಂದ ಹೊಳೆಯ ನೀರಿನ ನೂಕೂ ಬೇಕು.

ಇಲ್ಲೇ ನನಗೆ ನಮ್ಮ ಕಡೆಯ ಮಾತು ಚುಚ್ಚುವುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಕೊಂಡು ಹೋದಾಗ ಎಲ್ಲರ ಬಾಯಲ್ಲೂ ಒಂದೇ ಮಾತು, ನೀರೆಲ್ಲಾ ಸುಮ್ನೆ ಸಮುದ್ರದ ಪಾಲಾಯ್ತು ಅಂತ. ಹೊಟ್ಟೆ ಉರಿದಿದ್ದು ನಿಜವೇ, ನನಗೂ ಉರಿಯಿತು. (ಆ ನೀರು ನೇರ ಸಮುದ್ರಕ್ಕೇನೂ ಓಡಲಿಲ್ಲ ಬಿಡಿ, ನಡುವೆ ಶ್ರೀಶೈಲಂ, ನಾಗಾರ್ಜುನಸಾಗರ ಇವೆ.) ಆದರೆ ಆ "ಸುಮ್ನೆ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ತುಂಗಭದ್ರೆ ಕೂಡುವ ಕೃಷ್ಣೆ ಕಡಲು ಸೇರುವಲ್ಲಿ ಕಾಂಡ್ಲಾ ಕಾಡಿದೆ, ಅದನ್ನೇ ನಂಬಿದ ಮೀನು, ಸಿಗಡಿ, ಏಡಿ ಇವೆ, ಮೀನುಗಾರರ ಮನೆಗಳಿವೆ.

ಸಿಂಧನೂರಿನ ನಮ್ಮ ಮಾವನಿಗೆ ಇದನ್ನು ಹೇಳಿದರೆ, "ನಮ್ಮ ಭತ್ತಕ್ಕೇ ನೀರು ಸಾಕಾಗಂಗಿಲ್ಲ, ನಿನ್ನ ಮೀನಿಗೆ ಎಲ್ಲಿಂದ ತರಬೇಕೋ?" ಅಂದರು. ಅವರ ಹೊಲ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ. ಮೇಲಿನವರು ಎತ್ತಿಕೊಂಡು ಮಿಕ್ಕಿದ್ದು ಇವರಿಗೆ. ಅಳಿವೆಯವರೂ ನದಿಯ ಟೇಲ್ ಎಂಡ್‌ನವರೇ ಮಾವ, ಅಂದೆ. ಒಪ್ಪಲಿಲ್ಲ, ಆದರೆ ಬೈಯಲೂ ಇಲ್ಲ.

ಇನ್ನು, ಬಳ್ಳಾರಿಯಲ್ಲಿ ಈ ಮೀನು ಸಿಕ್ಕರೆ ಕಿವಿರು ಕೆಂಪಗಿದೆಯಾ ನೋಡಿ. ಅಂಗೈಗಿಂತ ಸಣ್ಣದು ಬೇಡ, ತೀರಾ ದೊಡ್ಡದೂ ಬೇಡ, ನಡುವಿನದು ತಗೊಳ್ಳಿ. ಹೊಟ್ಟೆ ಹಿಂದಿನ ಆ ದಪ್ಪ ಮುಳ್ಳನ್ನು ಮೊದಲೇ ಕತ್ತರಿಯಲ್ಲಿ ತೆಗೆಸಿ, ಇಲ್ಲಾಂದ್ರೆ ತೊಳೆಯುವಾಗ ಕೈಗೆ ಚುಚ್ಚುತ್ತದೆ. ಖಾರ, ಅರಿಶಿನ, ಹುಣಸೆ ರಸ ಹಚ್ಚಿ ಹಂಚಿನ ಮೇಲೆ ಹುರಿದರೆ ಜೋಳದ ರೊಟ್ಟಿಗೆ ಚೆನ್ನಾಗಿ ಹೊಂದುತ್ತದೆ.