ಸೂತ್ರದೊಳಗೆ ಅಡಗಿದ್ದ ವೇರಿಯಬಲ್

ನಾನು ಕೆಲಸ ಮಾಡುವ ಪೇರೋಲ್ ತಂತ್ರಾಂಶದಲ್ಲಿ ಸಂಬಳದ ಪ್ರತಿಯೊಂದು ಬಾಬ್ತಿನ ಲೆಕ್ಕವನ್ನೂ ಎಚ್‌ಆರ್ ವಿಭಾಗದವರೇ ಸೂತ್ರವಾಗಿ ಬರೆದಿಡುತ್ತಾರೆ. ‘ಮಿನ್(ಬೇಸಿಕ್ + ಡಿಎ, 15000) * 0.12’ ಎಂದರೆ ಭವಿಷ್ಯನಿಧಿಯ ಕಡಿತ: ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೊತ್ತ, 15000 ರೂಪಾಯಿ, ಇವೆರಡರಲ್ಲಿ ಕಡಿಮೆಯಾದುದರ ಶೇಕಡಾ 12. ಸೂತ್ರವನ್ನು ಉಳಿಸುವಾಗಲೇ ಅದಕ್ಕೆ ಯಾವ ಯಾವ ವೇರಿಯಬಲ್ (ಮೌಲ್ಯ ತುಂಬಬೇಕಾದ ಹೆಸರು) ಬೇಕೆಂದು ಪತ್ತೆಹಚ್ಚಿ, ತಿಂಗಳ ಕೊನೆಗೆ ಆ ಮೌಲ್ಯಗಳನ್ನು ಕೇಳುವ ಪರದೆಯನ್ನು ಸಿದ್ಧಪಡಿಸುವ ಹೊಣೆ ನನಗೆ ಬಂದಿತ್ತು. ಅರ್ಧ ದಿನದ ಕೆಲಸವೆಂದು ಒಪ್ಪಿಕೊಂಡಿದ್ದೆ.

ಮೊದಲು, ಗೊತ್ತಿರುವ ಬಾಬ್ತುಗಳ ಹೆಸರನ್ನು ಸೂತ್ರದ ಪಠ್ಯದಲ್ಲಿ ಹುಡುಕಿದೆ. ‘ಡಿಎ_ಅರಿಯರ್ಸ್’ ಇದ್ದಲ್ಲೆಲ್ಲ ‘ಡಿಎ’ ಕೂಡ ಸಿಕ್ಕಿತು. ಅಕ್ಷರಗಳ ವಿನ್ಯಾಸವನ್ನು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಬಳಸಿದಾಗ ‘ಮಿನ್’ ಸಹ ವೇರಿಯಬಲ್ಲಾಯಿತು. ಒಂದು ಲಕ್ಷವನ್ನು ‘1ಇ5’ ಎಂದು ಬರೆದವರ ಸೂತ್ರದಿಂದ ‘ಇ5’ ಎಂಬ ಹೊಸ ಭತ್ಯೆಯೇ ಹುಟ್ಟಿಕೊಂಡಿತು.

ಆಮೇಲೆ ಜಾಣತನವೆಂದು ತೋರಿದ ದಾರಿ ಹಿಡಿದೆ. ಸೂತ್ರವನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಓಡಿಸುವುದು, ಗೊತ್ತಿಲ್ಲದ ಹೆಸರು ಎದುರಾದಾಗ ಅದು ಕೊಡುವ ನೇಮ್‌ಎರರ್ ಎಂಬ ದೋಷ ಯಾವ ಹೆಸರು ಇಲ್ಲವೆನ್ನುತ್ತದೆಯೋ ಅದಕ್ಕೆ 1 ಎಂಬ ಮೌಲ್ಯ ಕೊಟ್ಟು ಮತ್ತೆ ಓಡಿಸುವುದು, ದೋಷ ನಿಲ್ಲುವವರೆಗೂ ಹೀಗೆಯೇ ಮಾಡುವುದು. (ಬಳಕೆದಾರರು ಬರೆದದ್ದನ್ನು ಹಾಗೆಯೇ ಓಡಿಸುವುದು ಅಪಾಯಕರವೆಂಬ ಮಾತು ಬೇರೆಯೇ ಇದೆ.) ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿತ್ತು. ಆದರೆ ಒಬ್ಬ ಗ್ರಾಹಕರ ಇಎಸ್‌ಐ (ನೌಕರರ ರಾಜ್ಯ ವಿಮೆ) ಸೂತ್ರ ಹೀಗಿತ್ತು: ‘ಗ್ರಾಸ್ * 0.0075 ಇಫ್ ಗ್ರಾಸ್ <= 21000 ಎಲ್ಸ್ ವಿಮಾ_ಕಂತು’. ಅಂದರೆ ಒಟ್ಟು ಸಂಬಳವಾದ ಗ್ರಾಸ್ 21000 ಮೀರದಿದ್ದರೆ ಮೊದಲ ಲೆಕ್ಕ, ಮೀರಿದರೆ ವಿಮಾ ಕಂತು. ನಾನು ಗ್ರಾಸ್‌ಗೆ 1 ಕೊಟ್ಟಿದ್ದರಿಂದ ಷರತ್ತು ಯಾವಾಗಲೂ ನಿಜವಾಗುತ್ತಿತ್ತು, ‘ಎಲ್ಸ್’ ಭಾಗವನ್ನು ಪೈಥಾನ್ ಮುಟ್ಟುತ್ತಲೇ ಇರಲಿಲ್ಲ, ಆದ್ದರಿಂದ ವಿಮಾ ಕಂತನ್ನು ಪರದೆ ಯಾರ ಬಳಿಯೂ ಕೇಳಲಿಲ್ಲ. ಸಂಬಳದ ದಿನ 21000 ರೂಪಾಯಿ ಮೀರಿದ ನೌಕರರ ಲೆಕ್ಕ ಮಾತ್ರ ಸಾಲಾಗಿ ನಿಂತುಹೋಯಿತು.

ಪರಿಹಾರ ಪೈಥಾನ್‌ನ ಎಎಸ್‌ಟಿ ಮಾಡ್ಯೂಲ್‌ನಲ್ಲಿತ್ತು. ಅದು ಸೂತ್ರವನ್ನು ಓಡಿಸದೆ ವ್ಯಾಕರಣದ ಮರವಾಗಿ ಬಿಡಿಸಿಕೊಡುತ್ತದೆ. ಎಲ್ಲ ಕೊಂಬೆಗಳನ್ನೂ ಸುತ್ತಿ, ಹೆಸರಿನ ಗಂಟುಗಳನ್ನು ಆಯ್ದುಕೊಂಡರಾಯಿತು. ಇಲ್ಲಿಯೂ ಒಂದು ಎಚ್ಚರ ಬೇಕಾಯಿತು: ‘ಮಿನ್’ನಂತೆ ಲೆಕ್ಕ ಮಾಡಿಕೊಡುವ ಫಂಕ್ಷನ್‌ಗಳನ್ನು ಹೆಸರಿನ ಪಟ್ಟಿಯಿಂದಲ್ಲ, ಅವು ಇರುವ ಸ್ಥಾನದಿಂದ ಬೇರ್ಪಡಿಸಬೇಕು, ಏಕೆಂದರೆ ಚಿಲ್ಲರೆ ಹೊಂದಾಣಿಕೆಯ ಬಾಬ್ತಿಗೆ ‘ರೌಂಡ್’ ಎಂಬ ಫಂಕ್ಷನ್‌ನ ಹೆಸರನ್ನೇ ಇಟ್ಟವರೂ ನಮ್ಮಲ್ಲಿದ್ದರು.

ಈಗ ದೂರು ತಿರುಗಿ ಬಂತು: 18000 ರೂಪಾಯಿ ಸಂಬಳದವರಿಗೂ ವಿಮಾ ಕಂತನ್ನೇಕೆ ಕೇಳುತ್ತೀರಿ? ದೂರು ನ್ಯಾಯವಾಗಿಯೇ ಇತ್ತು. ಸೂತ್ರದಲ್ಲಿ ಬರಬಹುದಾದ ಹೆಸರುಗಳು ಯಾವುವು, ಈ ನೌಕರನಿಗೆ ಈ ತಿಂಗಳು ಬೇಕಾದ ಹೆಸರುಗಳು ಯಾವುವು ಎಂಬ ಎರಡು ಪ್ರಶ್ನೆಗಳನ್ನು ನಾನು ಒಂದೇ ಎಂದುಕೊಂಡಿದ್ದೆ. ಮೊದಲನೆಯದನ್ನು ಸೂತ್ರ ಉಳಿಸುವಾಗ ಪರಿಶೀಲಿಸಿ, ಎರಡನೆಯದನ್ನು ಷರತ್ತಿನ ಉತ್ತರ ತಿಳಿದ ಮೇಲಷ್ಟೇ ಕೇಳುವಂತೆ ಬದಲಾಯಿಸಿದೆ.

ಗ್ರಾಸ್ ಕೂಡ ಒಂದು ಸೂತ್ರವೇ ಆದ್ದರಿಂದ ಅದರೊಳಗಿನ ಹೆಸರುಗಳನ್ನೂ ಬಿಡಿಸುತ್ತಾ ಹೋಗಬೇಕಾಯಿತು. ಹಾಗೆ ಬಿಡಿಸಿದ ಮೊದಲ ವಾರದಲ್ಲೇ, ಗ್ರಾಸ್‌ಗೆ ಸ್ಪೆಷಲ್ ಅಲೊವೆನ್ಸ್ ಕೂಡಿಸಿ, ಸ್ಪೆಷಲ್ ಅಲೊವೆನ್ಸ್ ಎಂದರೆ ಗ್ರಾಸ್‌ನಲ್ಲಿ ಬೇಸಿಕ್ ಕಳೆದು ಉಳಿದದ್ದು ಎಂದು ಬರೆದಿದ್ದ ಒಂದು ಸುತ್ತು ಸಿಕ್ಕಿಬಿದ್ದಿತು.